ಲೈನ್ ಮನೆ ಮಕ್ಕಳಿಗೆ ಕಂಬಳಿ ಕೊಟ್ಟಿದ್ದು ಸಾಕು, ಬೆಂಚಿನಲ್ಲಿ ಜಾಗ ಕೊಡಿ

ಕೊಡಗಿನಲ್ಲಿ ಕಥೋಲಿಕ ಶಾಲೆಗಳನ್ನು ನಡೆಸುತ್ತಿರುವ ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ, ಧರ್ಮಪ್ರಾಂತ್ಯದಲ್ಲಿ ಶಾಲೆಗಳ ಜವಾಬ್ದಾರಿ ಹೊತ್ತವರಿಗೆ, ಜೊತೆಗೆ ನನ್ನ ಹಾಗೆ ದಿನಾ ಸಂಜೆ ಆ ಶಾಲೆಗಳ ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಕಾಯುವ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರೈಸ್ತನಲ್ಲ. ಸಿದ್ದಾಪುರ ಕಡೆಯ ಕೊಡವ. ಸ್ವಲ್ಪ ತೋಟ ಇದೆ, ರೊಬಸ್ಟಾ ಕಾಫಿ, ನಡುವೆ ಮೆಣಸು. ಓದಿದ್ದು ಕಾನ್ವೆಂಟಿನಲ್ಲಿ. ಈಗ ಮಗಳು ಓದುತ್ತಿರುವುದೂ ಕಾನ್ವೆಂಟಿನಲ್ಲೇ. ಶಾಲೆಯ ಹೆಸರು ಬರೆಯುವುದಿಲ್ಲ. ಇದು ಒಂದೇ ಶಾಲೆಯ ಕಥೆ ಅಲ್ಲ. ಅಲ್ಲದೆ ಹೆಸರು ಬರೆದ ಕೂಡಲೇ ಅಲ್ಲಿ ಈಗ ಯಾರು ಪ್ರಿನ್ಸಿಪಾಲ್, ಇವನಿಗೂ ಅವರಿಗೂ ಏನು ಜಗಳ ಅಂತ ಮಾತು ಬೇರೆ ಕಡೆ ಹೋಗುತ್ತದೆ, ನಮ್ಮೂರು ಗೊತ್ತಲ್ವಾ.

ಈ ಪತ್ರಕ್ಕೆ ನೆಪ ಪ್ರಾರ್ಥನೆಯ ಗಲಾಟೆ, ಆದರೆ ನಾನು ಹೇಳಬೇಕಾದ್ದು ಲೈನ್ ಮನೆಗಳ, ಅಂದರೆ ತೋಟದ ಕೆಲಸದವರು ಸಾಲಾಗಿ ವಾಸಿಸುವ ಮನೆಗಳ, ಮಕ್ಕಳ ಬಗ್ಗೆ. 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ತನ್ನ ಶಾಲೆಗಳಿಗೆಲ್ಲ ಕೆಲವು ಸೂಚನೆ ಕೊಟ್ಟಿತ್ತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಆದರೆ ಎಲ್ಲ ಧರ್ಮದವರೂ ಕೂತು ಪ್ರಾರ್ಥಿಸಬಹುದಾದ ಒಂದು ಕೋಣೆ ಮಾಡಿ ಅಂತೆಲ್ಲ ಅದರಲ್ಲಿತ್ತು. ಪೀಠಿಕೆ ಓದುವುದು ನಮ್ಮ ರಾಜ್ಯದ ಶಾಲೆಗಳಿಗೆ ಹೊಸದಲ್ಲ, 2023ರಲ್ಲೇ ಸರ್ಕಾರ ಕಡ್ಡಾಯ ಮಾಡಿದೆ. ಆದರೂ ಆ ಸುದ್ದಿಯ ಫೋಟೋ ಈಗಲೂ ಆಗಾಗ ನಮ್ಮ ಪೋಷಕರ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತದೆ. ಬಿದ್ದಾಗಲೆಲ್ಲ ಜಗಳ. ಒಬ್ಬರು ಪ್ರಾರ್ಥನೆಯನ್ನೇ ನಿಲ್ಲಿಸಬೇಕು ಅನ್ನುತ್ತಾರೆ. ಇನ್ನೊಬ್ಬರು, ನಾವೂ ಅದನ್ನೇ ಹೇಳಿಕೊಂಡು ದೊಡ್ಡವರಾದೆವು, ಏನಾಯ್ತು ಈಗ ಅನ್ನುತ್ತಾರೆ. ನಡುವೆ ಯಾರೋ ಒಬ್ಬರು ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹಾಕುತ್ತಾರೆ.

ನಾನು ಎರಡನೆಯವರ ಪಕ್ಷ. ಮಳೆಗಾಲದಲ್ಲಿ ನಮ್ಮ ಅಸೆಂಬ್ಲಿ ಗ್ರೌಂಡಿನಲ್ಲಿ ಆಗುತ್ತಿರಲಿಲ್ಲ, ಉದ್ದ ಜಗಲಿಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಒದ್ದೆ ಸ್ವೆಟರಿನ ವಾಸನೆ, ಗೋಡೆಗೆ ಒರಗಿಸಿದ ಕೊಡೆಗಳಿಂದ ಇಳಿದ ನೀರು ಕಾಲಡಿಗೇ ಹರಿದು ಬರುತ್ತಿತ್ತು, ಅದರ ಮಧ್ಯೆ ಕಣ್ಣು ಮುಚ್ಚಿ ಕೈ ಜೋಡಿಸಬೇಕು. ಹಂಚಿನ ಮೇಲೆ ಮಳೆ ಜೋರಾದರೆ ಸಿಸ್ಟರ್ ಹೇಳುವುದು ಏನೂ ಕೇಳಿಸುತ್ತಿರಲಿಲ್ಲ. ಅರ್ಧ ಕಣ್ಣು ತೆರೆದು ಅವರ ಬಾಯಿ ನಿಂತಿದ್ದು ನೋಡಿ ನಾವು ಆಮೆನ್ ಅನ್ನುತ್ತಿದ್ದೆವು. (ಈಗಿನ ಮಕ್ಕಳಿಗೆ ಆ ಯೋಗ ಕಡಿಮೆ. ಜುಲೈ ಬಂತೆಂದರೆ ಎದ್ದ ಕೂಡಲೇ 'ಡಿಸಿ ರಜೆ ಕೊಟ್ರಾ' ಅಂತ ಫೋನ್ ನೋಡುವುದೇ ಅವರ ಬೆಳಗಿನ ಪ್ರಾರ್ಥನೆ.) ಸಂಜೆ ಮನೆಗೆ ಬಂದರೆ ನೆಲ್ಲಕ್ಕಿಯಲ್ಲಿ (ಮನೆಯ ನಡುಕೋಣೆ) ದೀಪ, ನಮ್ಮ ಕುಲದ ಹಿರಿಯರಾದ ಗುರುಕಾರಣರಿಗೆ ಕೈ ಮುಗಿಯುವುದು. ಎರಡರ ನಡುವೆ ನಮಗೆ ಯಾವತ್ತೂ ತಿಕ್ಕಾಟ ಕಾಣಲಿಲ್ಲ. ಡಿಸೆಂಬರಿನಲ್ಲಿ ಗೋದಲಿ ಕಟ್ಟಲು ತೋಟದಿಂದ ಪಾಚಿ ಕಿತ್ತು ತರುತ್ತಿದ್ದವರು ನಾವೇ. ಕ್ರಿಸ್ಮಸ್ ರಜೆ ಮುಗಿಸಿ ಬಂದ ಕೊಂಕಣಿ ಹುಡುಗರ ಡಬ್ಬಿಯಲ್ಲಿ ಕುಸ್ವಾರ್ ಅನ್ನುವ ಕ್ರಿಸ್ಮಸ್ ತಿಂಡಿ ಇರುತ್ತಿತ್ತು, ನಮ್ಮ ಕೈಲ್‌ಪೊಳ್ದ್ ಹಬ್ಬದ ಮಾರನೇ ದಿನ ನಮ್ಮ ಡಬ್ಬಿಯಲ್ಲಿ ಅಕ್ಕಿಯ ಕಡಂಬುಟ್ಟು, ಅದರ ಜೊತೆಗಿನ ಪಂದಿ ಕರಿ ಯಾರಿಗೆ ಎಷ್ಟು ಅನ್ನುವುದಕ್ಕೇ ಜಗಳ.

ಆದ್ದರಿಂದ ಫಾದರ್, ಹೆದರಿಕೊಂಡು ನಿಮ್ಮ ಪ್ರಾರ್ಥನೆಯನ್ನು ಬಚ್ಚಿಡಬೇಡಿ ಅನ್ನುವುದೇ ನನ್ನ ಅಭಿಪ್ರಾಯ. ಒಪ್ಪದವರ ಮಗು ಸುಮ್ನೆ ನಿಂತಿರಲಿ, ಬಲವಂತ ಬೇಡ. ಸಂವಿಧಾನದ 28ನೇ ವಿಧಿಯೂ ಅದನ್ನೇ ಹೇಳುತ್ತದೆ, ನಿಮ್ಮ ಧರ್ಮಾಧ್ಯಕ್ಷರೂ ಅದನ್ನೇ ಹೇಳಿದ್ದಾರೆ. ಅಲ್ಲಿಗೆ ಆ ವಿಷಯ ಮುಗಿಯಬೇಕು. ನನ್ನ ತಕರಾರು ಪ್ರಾರ್ಥನೆ ಮುಗಿದ ಮೇಲೆ ಏನಾಗುತ್ತದೆ ಅನ್ನುವುದರ ಬಗ್ಗೆ.

ನಮ್ಮ ಕಾಲದಲ್ಲಿ ಒಬ್ಬರು ಸಿಸ್ಟರ್ ಇದ್ದರು, ಕೇರಳದ ಕಡೆಯವರು. ಕನ್ನಡ ಅರ್ಧಂಬರ್ಧ, ಆದರೆ ಬೈಯುವಾಗ ಮಾತ್ರ ಪೂರ್ತಿ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎಂಟು ಒಂಬತ್ತನೇ ಕ್ಲಾಸಿನ ನಾಲ್ಕೈದು ಮಕ್ಕಳನ್ನು ಕರೆದುಕೊಂಡು ಹತ್ತಿರದ ಎಸ್ಟೇಟಿನ ಲೈನ್ ಮನೆಗಳಿಗೆ ಹೋಗುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಸ್ಲೇಟು, ಸೀಮೆಸುಣ್ಣ, ಒಂದು ಹೇನಿನ ಬಾಚಣಿಗೆ, ಗಾಯಕ್ಕೆ ಹಚ್ಚುವ ನೀಲಿ ಔಷಧಿ. ಲೈನಿನ ಕಟ್ಟೆ ಮೇಲೆ ಕೂತು ಹುಡುಗಿಯರ ತಲೆ ಬಾಚುತ್ತಾ ಬಾಚುತ್ತಾ ಲೆಕ್ಕ ಕೇಳುತ್ತಿದ್ದರು. ನಮಗೆ ಕೊಟ್ಟ ಕೆಲಸ, ಸಣ್ಣ ಮಕ್ಕಳಿಗೆ ಅ ಆ ಇ ಈ ಬರೆಸುವುದು. ನಾವು ಮೂಗು ಮುರಿದರೆ ಮುಗಿಯಿತು, ಮುಂದಿನ ವಾರ ಆ ಬಾಚಣಿಗೆ ನಮ್ಮ ಕೈಗೇ ಬರುತ್ತಿತ್ತು.

ಅವರ ಹತ್ತಿರ ಒಂದು ಲಾಂಗ್ ನೋಟ್‌ಬುಕ್ ಇತ್ತು. ಅದರಲ್ಲಿ ಲೈನಿನ ಪ್ರತಿ ಮಗುವಿನ ಹೆಸರು, ಅದು ಯಾವ ಶಾಲೆಗೆ ಹೋಗುತ್ತದೆ, ಯಾವಾಗ ನಿಲ್ಲಿಸಿತು, ಯಾಕೆ ನಿಲ್ಲಿಸಿತು. ತಂಗಿಯನ್ನು ನೋಡಿಕೊಳ್ಳಲು. ಕಾಫಿ ಕೊಯ್ಲಿಗೆ. ದಾರಿಯಲ್ಲಿ ಆನೆ. ಈ ಮೂರು ಕಾರಣಗಳೇ ಪುಟ ಪುಟದಲ್ಲೂ. ಜೂನ್ ಬಂತೆಂದರೆ ಆ ಪುಸ್ತಕ ಹಿಡಿದುಕೊಂಡು ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋಗಿ ಜಗಳ ಮಾಡಿ ಒಂದಿಬ್ಬರನ್ನಾದರೂ ನಮ್ಮ ಕ್ಲಾಸಿಗೆ ಸೇರಿಸುತ್ತಿದ್ದರು. ಫೀಸು ಎಲ್ಲಿಂದ ಬರುತ್ತಿತ್ತೋ, ನಾವು ಕೇಳಲಿಲ್ಲ. ಹಾಗೆ ಬಂದ ಯರವ ಬುಡಕಟ್ಟಿನ ಹುಡುಗ ಒಬ್ಬ ಮೂರು ವರ್ಷ ನನ್ನ ಪಕ್ಕ ಕೂತಿದ್ದ. ಗಣಿತದಲ್ಲಿ ನನಗಿಂತ ಮುಂದೆ. ನಾನು ಅವನದನ್ನು ನೋಡಿ ಬರೆಯುತ್ತಿದ್ದೆ, ಅವನು ನನ್ನದನ್ನಲ್ಲ.

ಈಗ ಬನ್ನಿ.

ಈಗ 'ಸೇವಾ ದಿನ' ಅಂತ ಇದೆ. ವರ್ಷಕ್ಕೆ ಒಂದು ಸಲ. ಒಂದು ವಾರ ಮುಂಚೆ ಮಕ್ಕಳ ಡೈರಿಯಲ್ಲಿ ಚೀಟಿ ಬರುತ್ತದೆ, ಇಂತಿಷ್ಟು ದುಡ್ಡು ಕಳಿಸಿ ಅಂತ. ನಾವು ಕಳಿಸುತ್ತೇವೆ. ಆ ದಿನ ಎರಡು ಬಸ್ಸು ಲೈನ್ ಮನೆಗಳ ಹತ್ತಿರ ನಿಲ್ಲುತ್ತದೆ. ಫ್ಲೆಕ್ಸ್ ಕಟ್ಟುತ್ತಾರೆ. ಅಲ್ಲಿಯ ಮಕ್ಕಳನ್ನು ಸಾಲು ನಿಲ್ಲಿಸಿ ಕಂಬಳಿ, ಬಿಸ್ಕತ್ತು, ನೋಟ್‌ಬುಕ್ ಕೊಡುತ್ತಾರೆ. ಕೊಡುವ ಕೈ ಮತ್ತು ತೆಗೆದುಕೊಳ್ಳುವ ಕೈ ಎರಡೂ ಕ್ಯಾಮೆರಾ ಕಡೆ ನೋಡಬೇಕು, ಅದಕ್ಕೆ ಒಂದೇ ಕಂಬಳಿಯನ್ನು ಎರಡೆರಡು ಸಲ ಕೊಟ್ಟಿದ್ದೂ ಇದೆ. ಒಂದು ಗಂಟೆಯಲ್ಲಿ ಬಸ್ಸು ವಾಪಸ್. ನಂತರ ನಮ್ಮ ಮಕ್ಕಳು ಫೈಲ್ ಮಾಡಬೇಕು, 'ನನ್ನ ಸೇವಾ ಅನುಭವ', ಒಂದು ಪುಟ ಬರಹ, ಎರಡು ಫೋಟೋ, ಅದಕ್ಕೆ ಮಾರ್ಕ್ಸು.

ನನ್ನ ಮಗಳ ಫೈಲಿನಲ್ಲಿ ಅಂಟಿಸಿದ ಫೋಟೋದಲ್ಲಿ ಅವಳ ಎದುರಿಗೆ ಅವಳಷ್ಟೇ ಎತ್ತರದ ಒಬ್ಬಳು ಹುಡುಗಿ ಇದ್ದಾಳೆ. ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಿದ್ದಾರೆ, ಆವತ್ತಿಗೆ ಅಂತಲೇ ಯಾರೋ ಚೆನ್ನಾಗಿ ತಯಾರು ಮಾಡಿದ್ದು ಗೊತ್ತಾಗುತ್ತದೆ. ಕಂಬಳಿಯ ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿಕೊಂಡಿದ್ದಾಳೆ. ಇವಳ ಹೆಸರೇನು ಅಂತ ಕೇಳಿದೆ. ಮಗಳಿಗೆ ಗೊತ್ತಿಲ್ಲ. ಎಷ್ಟನೇ ಕ್ಲಾಸು? ಗೊತ್ತಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಟೀಚರನ್ನು ಕೇಳಿದೆ. ಅವರು ಒಳ್ಳೆಯವರು ಪಾಪ, ನಗುತ್ತಾ 'ಅಲ್ಲಿಯ ಮಕ್ಕಳು ಬಹುಶಃ ಸರ್ಕಾರಿ ಶಾಲೆಗೆ ಹೋಗ್ತಾರೆ ಸರ್' ಅಂದರು. ಬಹುಶಃ! ಅವಳು ಶಾಲೆಗೆ ಹೋಗುತ್ತಾಳೋ ಇಲ್ಲವೋ ಅನ್ನುವುದು ನಮ್ಮ ಇಡೀ ಸೇವಾ ದಿನಕ್ಕೆ ಗೊತ್ತಾಗಲಿಲ್ಲ.

ನಮ್ಮ ಮಕ್ಕಳು ಅಲ್ಲಿ ಕಲಿತಿದ್ದು ಏನು ಅಂತ ಯೋಚನೆ ಮಾಡಿ. ಬಡವರೆಂದರೆ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರುವ ಜನ. ಅವರಿಗೆ ಕೊಡಬೇಕು, ಅವರ ಜೊತೆ ಕೂರಬೇಕಾಗಿಲ್ಲ. ಮಾರಲ್ ಸೈನ್ಸ್ ಪಿರಿಯಡ್ಡಿನಲ್ಲಿ ನೀವು ನನಗೆ ಕಲಿಸಿದ್ದು ಇದಲ್ಲ. ಹಸಿದವನಿಗೆ, ಬಟ್ಟೆ ಇಲ್ಲದವನಿಗೆ, ಪರದೇಶಿಗೆ ನೀವು ಮಾಡಿದ್ದನ್ನು ನನಗೇ ಮಾಡಿದಿರಿ ಅಂತ ಯೇಸು ಹೇಳುವ ಆ ಭಾಗವನ್ನು ನನಗೆ ಹೇಳಿಕೊಟ್ಟಿದ್ದು ಅದೇ ಬಾಚಣಿಗೆ ಸಿಸ್ಟರ್. ನನಗೇ ಮಾಡಿದಿರಿ ಅಂದರೆ, ಫ್ಲೆಕ್ಸ್ ಮುಂದೆ ಸಾಲು ನಿಲ್ಲಿಸಿದ್ದು ಯಾರನ್ನು ಹಾಗಾದರೆ?

ಇದು ಹೊರಗಿನವನ ಉಪದೇಶ ಅನ್ನಿಸಿದರೆ ನಿಮ್ಮದೇ ದಾಖಲೆ ನೋಡಿ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಕಥೋಲಿಕ ಶಾಲೆಗಳು ಬಡವರನ್ನು, ಮನೆಯ ಆಸರೆ ಪ್ರೀತಿ ಇಲ್ಲದವರನ್ನು, ನಿಮ್ಮ ವಿಶ್ವಾಸಕ್ಕೆ ಸೇರದವರನ್ನು ವಿಶೇಷವಾಗಿ ನೋಡಿಕೊಳ್ಳಬೇಕು ಅಂತ ಇದೆ. ಮೂರನೇ ಗುಂಪನ್ನು, ಅಂದರೆ ನಮ್ಮಂಥವರನ್ನು, ನೀವು ಚೆನ್ನಾಗಿಯೇ ನೋಡಿಕೊಂಡಿದ್ದೀರಿ. 2021ರಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಅಲ್ಪಸಂಖ್ಯಾತರ ಶಾಲೆಗಳ ಬಗ್ಗೆ ಒಂದು ವರದಿ ತಂದಿತ್ತು. ದೇಶದ ಕ್ರೈಸ್ತ ಶಾಲೆಗಳಲ್ಲಿ ಶೇ 74ರಷ್ಟು ಮಕ್ಕಳು ಕ್ರೈಸ್ತರಲ್ಲದವರು ಅಂತ ಅದರಲ್ಲಿದೆ. ಅದೇ ವರದಿಯಲ್ಲಿ ಇನ್ನೊಂದು ಅಂಕಿ. ಅಲ್ಪಸಂಖ್ಯಾತರ ಶಾಲೆಗಳಲ್ಲಿ ಬಡ, ಹಿಂದುಳಿದ ಮನೆಗಳಿಂದ ಬಂದ ಮಕ್ಕಳು ಶೇ 8.76. ಆ ವರದಿಯನ್ನು ಯಾವ ಉದ್ದೇಶಕ್ಕೆ ಬರೆದರು ಅನ್ನುವುದರ ಬಗ್ಗೆ ನಿಮಗೆ ಅನುಮಾನ ಇರಬಹುದು, ನನಗೂ ಇದೆ. ಆದರೆ ಎರಡನೇ ಅಂಕಿ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನಿಮಗೆ ಆಯ್ತಾ?

ಕಾನೂನು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ, ಅದು ನನಗೆ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ಶೇ 25 ಸೀಟು ಬಡ ಮಕ್ಕಳಿಗೆ ಕೊಡಬೇಕು ಅಂತಿದೆ. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿತು, ಅಲ್ಪಸಂಖ್ಯಾತರು ತಮ್ಮ ಶಾಲೆ ನಡೆಸಲು ಸಂವಿಧಾನದ 30ನೇ ವಿಧಿ ಕೊಟ್ಟ ಹಕ್ಕು ದೊಡ್ಡದು ಅಂತ. 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಅನುಮಾನ ಎತ್ತಿ, ದೊಡ್ಡ ಪೀಠ ಇದನ್ನು ಮತ್ತೆ ನೋಡಬೇಕು ಅಂದಿದೆ. ಉಳಿದ ಖಾಸಗಿ ಶಾಲೆಗಳದ್ದೂ ಅಷ್ಟೇ, 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಹಾಗಾಗಿ ಲೈನ್ ಮನೆಯ ಒಂದು ಮಗು ನಿಮ್ಮ ಶಾಲೆಗೆ ಬರಬೇಕಾದರೆ ದಾರಿ ಒಂದೇ, ನೀವಾಗಿ ಕರೆಯಬೇಕು. ಕೋರ್ಟು ಹೇಳಿದ ಮೇಲೆ ಕೊಟ್ಟರೆ ಅದು ನಿಯಮ ಪಾಲನೆ ಆಯ್ತೇ ಹೊರತು ಸೇವೆ ಆಗಲಿಲ್ಲ.

ವಾರ್ಷಿಕೋತ್ಸವದಲ್ಲಿ ನೀವು ವಿರಾಜಪೇಟೆಯ ಕಥೆ ಹೇಳುತ್ತೀರಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ, ಜಾಗ ಕೊಟ್ಟ, 1792ರಲ್ಲಿ ಸಂತ ಅನ್ನಮ್ಮನವರ ಚರ್ಚ್ ಶುರುವಾಯಿತು. ಒಳ್ಳೆ ಕಥೆ, ನನಗೂ ಹೆಮ್ಮೆ. ಆ ಅರಸ ಸ್ವತಃ ಪಿರಿಯಾಪಟ್ಟಣದಲ್ಲಿ ಸೆರೆ ಇದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು, ಅದಕ್ಕೇ ಇರಬೇಕು ಅವನಿಗೆ ಅವರ ಕಷ್ಟ ಅರ್ಥವಾಗಿದ್ದು. ಇವತ್ತು ನಮ್ಮ ಜಿಲ್ಲೆಯಲ್ಲಿ ಜಾಗ ಇಲ್ಲದೆ, ಕಾಗದ ಪತ್ರ ಇಲ್ಲದೆ, ಭಾಷೆ ಬಾರದೆ ಬಂದು ನಿಂತವರು ಯಾರು? ಲೈನ್ ಮನೆಗಳಲ್ಲಿ ನೋಡಿ. ಮೊದಲು ಯರವರು, ಪಣಿಯರು, ಕುರುಬರು, ತಮಿಳರು ಇದ್ದರು. ಈಗ ಅಸ್ಸಾಮಿನವರು ಜಾಸ್ತಿ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತು ಹಾಕಿದಾಗ ಟಿವಿ ನೋಡಿ ರಾಜ್ಯದ ಜನ ಬೆಚ್ಚಿಬಿದ್ದರು, ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡ ಅಷ್ಟೊಂದು ಜನ ಎಲ್ಲಿಂದ ಬಂದರು ಅಂತ. ನಮಗೆ ಗೊತ್ತಿತ್ತು. ಜಾಸ್ತಿ ಜನ ನಮ್ಮ ತೋಟಗಳ ಲೈನಿನಿಂದಲೇ ಬಂದವರು.

ನಿಮ್ಮದೇ ವಿಶ್ವಾಸದವರೂ ಆ ಲೈನುಗಳಲ್ಲಿ ಇದ್ದಾರೆ. ಸ್ನೇಹಿತರ ಮನೆ ಮದುವೆಗೆ, ಹಬ್ಬಕ್ಕೆ ಅಂತ ನಾನು ಚರ್ಚಿಗೆ ಬಂದಾಗೆಲ್ಲ ನೋಡಿದ್ದೇನೆ, ಪೂಜೆ ಶುರುವಾಗುವ ಹೊತ್ತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಮುಗಿದ ಕೂಡಲೇ ಎದ್ದು ಹೋಗುವ ಕುಟುಂಬಗಳು. ಅವರ ಮಕ್ಕಳಲ್ಲಿ ಎಷ್ಟು ಜನ ಸೋಮವಾರ ಚರ್ಚಿನ ಪಕ್ಕದ ನಿಮ್ಮ ಶಾಲೆಗೆ ಬರುತ್ತಾರೆ? ಲೆಕ್ಕ ನಿಮ್ಮ ರಿಜಿಸ್ಟರಿನಲ್ಲೇ ಇರುತ್ತದೆ, ನಾನು ಹೇಳುವುದು ಬೇಡ.

ಈಗ ನನ್ನ ಜೊತೆಯ ಪೋಷಕರಿಗೆ ಒಂದು ಮಾತು. ಫಾದರ್‌ಗಳನ್ನು ಮಾತ್ರ ಬೈದು ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಶಾಲೆಯವರು ಇಂಥದ್ದಕ್ಕೆ ಯಾಕೆ ಕೈ ಹಾಕುವುದಿಲ್ಲ ಗೊತ್ತಾ? ನಮ್ಮ ಹೆದರಿಕೆಗೆ. ತೋಟದ ಯಜಮಾನನ ಮಗುವಿನ ಪಕ್ಕ ಅದೇ ತೋಟದಲ್ಲಿ ಕಾಫಿ ಕುಯ್ಯುವವರ ಮಗು ಕೂತರೆ ನಾವು ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ನಾವು ವಿದ್ಯಾವಂತರು. 'ಶಾಲೆಯ ಸ್ಟ್ಯಾಂಡರ್ಡ್ ಇಳಿಯುತ್ತಿದೆ' ಅನ್ನುತ್ತೇವೆ. 'ಮಕ್ಕಳು ಕೆಟ್ಟ ಮಾತು ಕಲಿಯುತ್ತಾರೆ' ಅನ್ನುತ್ತೇವೆ. ಕೆಟ್ಟ ಮಾತು ನಮ್ಮ ಮಕ್ಕಳಿಗೆ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಬೇಕಾದರೆ, ಯಾವುದಾದರೂ ಕಾಫಿ ಕಣದಲ್ಲಿ ಯಜಮಾನರು ಫೋನಿನಲ್ಲಿ ಮಾತಾಡುವುದನ್ನು ಕೇಳಬೇಕು. ಆಮೇಲೆ ಟಿಸಿ ತೆಗೆದುಕೊಂಡು ಮೈಸೂರಿನ ಹಾಸ್ಟೆಲ್ಲಿಗೆ ಸೇರಿಸುತ್ತೇವೆ. ಶಾಲೆಗೆ ಹತ್ತು ಅಡ್ಮಿಷನ್ ಹೋಯಿತು. ಇದಕ್ಕೆ ಹೆದರಿಯೇ ಅವರು ಕಂಬಳಿಗೆ ನಿಂತುಬಿಟ್ಟಿದ್ದಾರೆ. ಕಂಬಳಿಯಿಂದ ಯಾರಿಗೂ ತೊಂದರೆ ಇಲ್ಲ.

ದುಡ್ಡು ಎಲ್ಲಿ ಅನ್ನುತ್ತೀರಿ. ಅನುದಾನ ಇಲ್ಲದ ಶಾಲೆಗೆ ಟೀಚರುಗಳ ಸಂಬಳ ಫೀಸಿನಿಂದಲೇ ಬರಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ 2024ರಿಂದ ಈಚೆಗೆ ರೊಬಸ್ಟಾಗೆ ನಮ್ಮ ಅಪ್ಪಂದಿರು ಕನಸಿನಲ್ಲೂ ಕಾಣದ ರೇಟು ಸಿಕ್ಕಿದ್ದು ನಮಗೆ ಗೊತ್ತಿಲ್ಲವಾ? ಹೊಸ ಜೀಪುಗಳು ಬಂದಿದ್ದು ಎಲ್ಲಿಂದ? ಹಳೇ ವಿದ್ಯಾರ್ಥಿಗಳಾದ ಬೆಳೆಗಾರರು ವರ್ಷಕ್ಕೆ ತಲಾ ಒಂದು ಮೂಟೆ ಕಾಫಿ ಚೆರಿಯ ದುಡ್ಡು ಶಾಲೆಗೆ ಕೊಟ್ಟರೆ ಕ್ಲಾಸಿಗೆ ಇಬ್ಬರಂತೆ ಲೈನ್ ಮನೆ ಮಕ್ಕಳನ್ನು ಓದಿಸಬಹುದು. ಕೇಳಿ ನೋಡಿ. ಕ್ರೀಡಾಕೂಟದ ಶೀಲ್ಡಿಗೆ ಕೇಳಿದಾಗ ಕೊಡುವುದಿಲ್ಲವಾ ನಾವು? ಹಾಕಿ ಟೂರ್ನಮೆಂಟ್ ಅಂದರೆ ಎಷ್ಟು ಬೇಕು ಅಂತ ಕೇಳದೆ ಕೊಡುವ ಜನ ನಾವು.

ಇನ್ನೊಂದು ಹೆದರಿಕೆ ಇದೆ, ನೀವು ಬಾಯಿ ಬಿಟ್ಟು ಹೇಳದ ಹೆದರಿಕೆ. ಬುಡಕಟ್ಟಿನವರ ಹಾಡಿಯ ಮಕ್ಕಳನ್ನು, ಲೈನಿನ ಮಕ್ಕಳನ್ನು ಕರೆದರೆ ಮರುದಿನವೇ ಮತಾಂತರ ಅಂತ ಯಾರಾದರೂ ಗೇಟಿನ ಮುಂದೆ ಬರುತ್ತಾರೆ. ಇದು ಸುಮ್ಮನೆ ಹೇಳುವ ನೆಪ ಅಲ್ಲ, ನಿಜ, ನಾನು ಹಗುರ ಮಾಡುವುದಿಲ್ಲ. ಇದಕ್ಕೆ ನನಗೆ ತೋಚುವ ಉತ್ತರ, ಎಲ್ಲವನ್ನೂ ತೆರೆದು ಇಡಿ. ಯಾವ ಮಗುವನ್ನು ಸೇರಿಸಿದಿರಿ, ಫೀಸು ಯಾರು ಕೊಟ್ಟರು, ಅದು ಪ್ರಾರ್ಥನೆಗೆ ನಿಲ್ಲಬೇಕೋ ಬೇಡವೋ ಅಂತ ಅದರ ಅಪ್ಪ ಅಮ್ಮ ಅವರ ಭಾಷೆಯಲ್ಲಿ ಕೇಳಿಸಿಕೊಂಡು ಏನು ಹೇಳಿದರು, ಎಲ್ಲ ಬರೆದಿಡಿ. ಆಯ್ಕೆ ಮಾಡುವ ಸಮಿತಿಯಲ್ಲಿ ಕಥೋಲಿಕರಲ್ಲದ ಪೋಷಕರನ್ನು ಹಾಕಿ, ಹಾಡಿಯ ಒಬ್ಬ ಹಿರಿಯರನ್ನು ಹಾಕಿ, ಪಕ್ಕದ ಸರ್ಕಾರಿ ಶಾಲೆಯ ಮೇಷ್ಟರನ್ನು ಹಾಕಿ. ಯಾರಾದರೂ ಗೇಟಿನ ಹತ್ತಿರ ಬಂದು ಕೂಗಿದರೆ ಉತ್ತರ ಕೊಡಲು ಫಾದರ್ ಹೊರಗೆ ಬರುವುದು ಬೇಡ. ನಾವು ಬರುತ್ತೇವೆ. ಈ ಶಾಲೆಗಳಲ್ಲಿ ಓದಿದ ಕೊಡವರು, ಗೌಡರು, ಮಾಪಿಳ್ಳೆಗಳು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದೇವೆ!

ಸರ್ಕಾರಿ ಶಾಲೆಯ ಮಾತು ಬಂತು ಅಂತ ಹೇಳುತ್ತೇನೆ, ಲೈನಿನ ಎಲ್ಲ ಮಕ್ಕಳನ್ನೂ ಎಳೆದುಕೊಂಡು ಬನ್ನಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆ ಮಕ್ಕಳಿಲ್ಲ ಅಂತ ಮುಚ್ಚಿಹೋಗುತ್ತದೆ, ಆಮೇಲೆ ಉಳಿದವರಿಗೆ ಅದೂ ಇಲ್ಲ. ಇದಕ್ಕೆ ಬೇರೆ ದಾರಿ ಇದೆ. ನಿಮ್ಮಲ್ಲಿ ಲ್ಯಾಬ್ ಇದೆ, ಲೈಬ್ರರಿ ಇದೆ, ಹುಲ್ಲು ಬೆಳೆದ ಒಳ್ಳೆ ಗ್ರೌಂಡಿದೆ. ವಾರಕ್ಕೆ ಎರಡು ಮಧ್ಯಾಹ್ನ ಆ ಶಾಲೆಯ ಮಕ್ಕಳಿಗೂ ತೆರೆಯಿರಿ, ನಮ್ಮ ಮಕ್ಕಳೂ ಅವರೂ ಒಂದೇ ಟೀಮಿನಲ್ಲಿ ಆಡಲಿ. ಇವರ ವಿರುದ್ಧ ಅವರು ಬೇಡ, ಬೆರೆಸಿ ಟೀಮು ಮಾಡಿ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು, ಅದರ ಹಿಂದೆಯೇ ಮೆಣಸು. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ದೊಡ್ಡ ಮಗು ಮನೆಯಲ್ಲಿ ಸಣ್ಣದನ್ನು ಎತ್ತಿಕೊಂಡು. ಶಾಲೆ ಬಿಡುವ ಮಕ್ಕಳು ಬಿಡುವುದು ಈ ಮೂರು ತಿಂಗಳಲ್ಲೇ, ಪರೀಕ್ಷೆಯೂ ಆಗಲೇ. ಆ ಹೊತ್ತಿನಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ, ದೊಡ್ಡವರಿಗೆ ಸಂಜೆ ಪಾಠ. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಸರದಿಯಲ್ಲಿ ಬಂದು ಕೂರಲಿ. ಮಾರ್ಕ್ಸು ಕೊಡಲೇಬೇಕು ಅಂದರೆ ಇದಕ್ಕೆ ಕೊಡಿ.

ಮತ್ತೆ ಗಾಡಿ. ನಮ್ಮ ಕಡೆ ಇದು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಫೋನಿಗೆ ಮೆಸೇಜ್ ಬರುತ್ತದೆ, ಇಂಥ ತೋಟದಲ್ಲಿ ಆನೆ ಇದೆ, ಓಡಾಡುವವರು ಎಚ್ಚರ. ನಾವು ಮಕ್ಕಳನ್ನು ಜೀಪಿನಲ್ಲಿ ಕೂರಿಸಿ ಗಾಜು ಏರಿಸಿಕೊಂಡು ಹೋಗುತ್ತೇವೆ. ಅದೇ ತೋಟದೊಳಗಿನ ರಸ್ತೆಯಲ್ಲಿ ಲೈನಿನ ಮಕ್ಕಳು ನಡೆದು ಬರಬೇಕು, ಮೆಸೇಜ್ ಬರುವ ಫೋನ್ ಅಪ್ಪನ ಜೇಬಿನಲ್ಲಿ ಬೇರೆ ಎಲ್ಲೋ ಇರುತ್ತದೆ. ನಿಮ್ಮ ಸ್ಕೂಲ್ ಬಸ್ಸು ಮುಖ್ಯ ರಸ್ತೆಯಲ್ಲಿ ಅರ್ಧ ಖಾಲಿ ಹೋಗುವುದನ್ನು ನಾನು ದಿನಾ ನೋಡುತ್ತೇನೆ. ಅದು ಎಸ್ಟೇಟ್ ಗೇಟಿನ ಹತ್ತಿರ ಎರಡು ನಿಮಿಷ ನಿಂತು, ಸರ್ಕಾರಿ ಶಾಲೆಗೆ ಹೋಗುವ ಮಕ್ಕಳನ್ನೂ ಹತ್ತಿಸಿಕೊಂಡು ದಾರಿಯಲ್ಲಿ ಇಳಿಸಿದರೆ ಏನು ಹೋಗುತ್ತದೆ? ಇನ್ಷೂರೆನ್ಸು, ಪರ್ಮಿಟ್ಟು ಅಂತ ಏನಾದರೂ ತೊಡಕು ಇರಬಹುದು. ಆರ್‌ಟಿಒ ಆಫೀಸಿಗೆ ಹೋಗಿ ಕೇಳೋಣ, ನಾನು ಜೊತೆಗೆ ಬರುತ್ತೇನೆ.

ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಕೆಳಗೆ ಬಂದಾಗ, ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಮನೆಗಳಿಗೆ ನೀರು ನುಗ್ಗಿದಾಗ ಈ ಜಿಲ್ಲೆಯಲ್ಲಿ ಶಾಲೆ, ಚರ್ಚ್ ಹಾಲು, ಸಮುದಾಯ ಭವನ ಅಂತ ನೋಡದೆ ಎಲ್ಲ ಬಾಗಿಲು ತೆರೆದುಕೊಂಡವು. ನಾನು ಅಕ್ಕಿ ಮೂಟೆ ಇಳಿಸಲು ಹೋಗಿದ್ದ ಒಂದು ಶಾಲೆಯಲ್ಲಿ ಬೆಂಚುಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಗೋಡೆಗೆ ಸರಿಸಿದ್ದರು, ಬೋರ್ಡಿನ ಮೇಲೆ ಹಿಂದಿನ ವಾರದ ಲೆಕ್ಕ ಅರ್ಧ ಒರೆಸಿ ಅದರ ಪಕ್ಕ ಊಟದ ಸರದಿ ಬರೆದಿತ್ತು. ಒಂದು ಮೂಲೆಯಲ್ಲಿ ತೋಟದ ಯಜಮಾನರ ಮನೆಯ ಅಜ್ಜಿ, ಅವರ ಪಕ್ಕದ ಚಾಪೆಯಲ್ಲೇ ಅದೇ ತೋಟದ ಲೈನಿನವರು. ಅನ್ನದ ಪಾತ್ರೆ ಒಂದೇ. ಫಾದರ್ ಒಬ್ಬರು ಲುಂಗಿ ಕಟ್ಟಿಕೊಂಡು ಕಕ್ಕಸು ತೊಳೆಯುತ್ತಿದ್ದರು. ಆಗ ಯಾರೂ ಸ್ಟ್ಯಾಂಡರ್ಡಿನ ಬಗ್ಗೆ ಮಾತಾಡಲಿಲ್ಲ. ನೀರು ಇಳಿಯಿತು, ಬೆಂಚುಗಳು ಮೊದಲಿನ ಜಾಗಕ್ಕೆ ಬಂದವು, ಅವರೂ ಅವರ ಜಾಗಕ್ಕೆ ಹೋದರು.

ಕೆಲವು ಶಾಲೆಗಳಲ್ಲಿ ಇವತ್ತಿಗೂ ಸದ್ದಿಲ್ಲದೆ ಒಳ್ಳೆ ಕೆಲಸ ಮಾಡುತ್ತಿರುವ ಸಿಸ್ಟರ್‌ಗಳು ಇದ್ದಾರೆ, ತಮ್ಮ ಕೈಖರ್ಚಿನಿಂದ ಫೀಸು ಕಟ್ಟುವ ಟೀಚರುಗಳೂ ಇದ್ದಾರೆ. ಅವರಿಗೆ ಈ ಪತ್ರ ಓದಿ ಬೇಜಾರಾಗಬಾರದು. ನಾನು ಕೇಳುತ್ತಿರುವುದು ಅವರು ಕದ್ದು ಮುಚ್ಚಿ ಮಾಡುವುದನ್ನು ಶಾಲೆ ನೇರವಾಗಿ ಮಾಡಲಿ ಅಂತ.

ಮುಂದಿನ ವರ್ಷದ ಅಡ್ಮಿಷನ್ ಫಾರಂ ಕೊಡುವ ಮೊದಲು ಪೋಷಕರ ಸಭೆ ಕರೆಯಿರಿ. ಅಜೆಂಡಾದಲ್ಲಿ ಪ್ರಾರ್ಥನೆಯ ವಿಷಯ ಇರಲಿ, ಬೇಡ ಅನ್ನುವುದಿಲ್ಲ, ಆದರೆ ಎರಡನೆಯದಾಗಿ. ಮೊದಲನೆಯದು, ಈ ಸಲ ಲೈನ್ ಮನೆಗಳಿಂದ ಎಷ್ಟು ಮಕ್ಕಳು, ಯಾವ ಕ್ಲಾಸಿಗೆ, ಬಸ್ಸು ಯಾವ ಗೇಟಿನಲ್ಲಿ ನಿಲ್ಲುತ್ತದೆ ಅನ್ನುವುದು. ಆಧಾರ್ ಇಲ್ಲ, ಟಿಸಿ ಇಲ್ಲ ಅಂತ ವಾಪಸ್ ಕಳಿಸಬೇಡಿ, ಆ ಕಾಗದಗಳಿಗೆ ಓಡಾಡಲು ನಾವು ಹಳೇ ವಿದ್ಯಾರ್ಥಿಗಳು ಕೆಲವರು ತಯಾರಿದ್ದೇವೆ. ಈ ವರ್ಷದ ನನ್ನ ಒಂದು ಮೂಟೆಯ ದುಡ್ಡು ಪಕ್ಕಕ್ಕೆ ಎತ್ತಿಟ್ಟಿದ್ದೇನೆ. ಸೇವಾ ದಿನದ ಚೀಟಿಗೆ ಇನ್ನು ಮೇಲೆ ನಮ್ಮ ಮನೆಯಿಂದ ದುಡ್ಡು ಬರುವುದಿಲ್ಲ, ಮಗಳ ಫೈಲಿಗೆ ಮಾರ್ಕ್ಸು ಕಡಿಮೆ ಆದರೆ ಆಗಲಿ. ಅವಳ ಹತ್ತಿರ ಮಾತಾಡಿದ್ದೇನೆ. ಆ ಎರಡು ಜಡೆ ಹುಡುಗಿಯ ಹೆಸರು ತಿಳಿದುಕೊಂಡು ಬಾ ಅಂತ ಅವಳೇ ನನಗೆ ಹೇಳಿದ್ದಾಳೆ.

ಇಂತಿ,
ನಿಮ್ಮ ಶಾಲೆಯ ಒಬ್ಬ ಹಳೇ ವಿದ್ಯಾರ್ಥಿ, ಈಗ ಪೋಷಕ
ಸಿದ್ದಾಪುರ, ಕೊಡಗು